ಖಾಲಿ ತೂಕ

ವಿನ್ಸ್‌ಫರ್ಡ್‌ನಲ್ಲಿ ನೆಲದಡಿಯಿಂದ ಉಪ್ಪು ತೆಗೆಯುತ್ತಾರೆ.
ಕಂದು ಬಣ್ಣದ್ದು, ಊಟಕ್ಕೆ ಬಾರದ್ದು,
ಚಳಿಗಾಲದ ರಸ್ತೆಗೆ ಎರಚುವಂಥದ್ದು.
ಗೇಟಿನ ಪಕ್ಕದ ಗಾಜಿನ ಗೂಡಿನಲ್ಲಿ ಕೂತು
ನಾನು ಲಾರಿಗಳನ್ನು ತೂಗುತ್ತೇನೆ,
ಬರುವಾಗ ಒಂದು ಸಲ, ಹೋಗುವಾಗ ಒಂದು ಸಲ.
ತುಂಬಿದ್ದರಲ್ಲಿ ಖಾಲಿಯನ್ನು ಕಳೆದರೆ
ಉಳಿದದ್ದು ಉಪ್ಪು.

ಹಿಂದೆ ಓಡಿಸುತ್ತಿದ್ದವಳೂ ನಾನೇ.
ಹದಿನೆಂಟು ಟನ್ನಿನ ಹಳದಿ ಗಾಡಿ, ರಾತ್ರಿ ಎರಡು ಗಂಟೆ,
ಬೆನ್ನ ಹಿಂದೆ ಅಕ್ಕಿ ಕೇರುವ ಸದ್ದು.
ಮೂರು ರಾತ್ರಿ ನಿದ್ದೆಯಿಲ್ಲ, ಹಸಿವಿಲ್ಲ.
ಇಡೀ ಚೆಷೈರಿನ ಹಿಮವನ್ನು ನಾನೊಬ್ಬಳೇ ಕರಗಿಸಬಲ್ಲೆ ಎಂದು
ಯಾರೂ ಹೇಳದ ರಸ್ತೆಗಳಿಗೂ ಎರಚಿ ಬಂದೆ.
ಲೈಸೆನ್ಸು ಹೋಯಿತು.
ಕಾಯಿಲೆಗೆ ಹೆಸರು ಬಂತು.

ಈಗ ದಿನಾ ರಾತ್ರಿ ಇನ್ನೊಂದು ಉಪ್ಪು ನುಂಗುತ್ತೇನೆ,
ಲಿಥಿಯಂ. ಅದೂ ನೆಲದಡಿಯದ್ದೇ.
ಉಪ್ಪು ತಿಂದವರು ನೀರು ಕುಡಿಯಲೇಬೇಕು ಅಂತ
ಅಜ್ಜಿ ಬೇರೆ ಯಾವುದಕ್ಕೋ ಹೇಳುತ್ತಿದ್ದಳು.
ಬಾಟಲಿ ಮೇಲೆ ಬಾಟಲಿ ಕುಡಿಯುತ್ತೇನೆ,
ನಾಲಿಗೆ ಒಣಗಿಯೇ ಇರುತ್ತದೆ.
ಸೂಜಿಗೆ ದಾರ ಪೋಣಿಸಲು ಕೈ ಬಿಡುವುದಿಲ್ಲ.
ಆಕಾಶಕ್ಕೆ ಹಾರುವುದು ನಿಂತಿತು.
ಬಾವಿಗೆ ಬೀಳುವುದೂ, ಹೆಚ್ಚುಕಡಿಮೆ.

ಸಿಟ್ಟು ಮಾತ್ರ ಹೋಗಲಿಲ್ಲ.
ಸ್ವೆಟರಿನ ಕತ್ತಿನ ಹಿಂದೆ ಚೀಟಿ ಚುಚ್ಚುತ್ತದಲ್ಲ,
ಹಾಗೆ, ಇಡೀ ಮೈಗೆ, ಇಡೀ ದಿನ.
ಮೇದಿನಿಯ ಸ್ಕೂಲ್ ಬ್ಯಾಗಿನ ಜಿಪ್ಪು.
ಮಗ್ಗಿಗೆ ಬಡಿಯುವ ಚಮಚ.
ಕೆಲಸ ಮುಗಿಸಿದೆನೆಂದು ವಾಷಿಂಗ್ ಮಷೀನು ಹಾಡುವ ಹಾಡು.
ಫೆಬ್ರವರಿಯಲ್ಲಿ ಟೋಸ್ಟರನ್ನು ಕಿಟಕಿಯಾಚೆ ಎಸೆದೆ.
ಸುಟ್ಟ ಬ್ರೆಡ್ಡಿಗೆ ಪ್ರಭಂಜನ ಬೆಣ್ಣೆ ಸವರುತ್ತಿದ್ದ,
ಅಷ್ಟೇ. ಕರ್ ಕರ್ ಕರ್.

ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬಾರದಂತೆ.
ಟೋಸ್ಟರು ಬಂತು, ಹದಿನೆಂಟು ಪೌಂಡಿಗೆ.
ಡಬ್ಬ ಯಾರೂ ಒಡೆದಿಲ್ಲ.
ಅವನೀಗ ಬ್ರೆಡ್ಡನ್ನು ಮೆತ್ತಗೇ ತಿನ್ನುತ್ತಾನೆ,
ಒಂದು ಮಾತೂ ಆಡದೆ.
ಅದಕ್ಕೂ ಸಿಟ್ಟು ಬರುತ್ತದೆ.

ಮೊನ್ನೆ ಗುರುವಾರ ಗೊತ್ತಾಯಿತು:
ನನ್ನನ್ನು ಒಂದು ಮಾತು ಕೇಳದೆ
ಡರ್ಬಿಯ ನನ್ನ ಅಕ್ಕನಿಗೆ ಫೋನು ಮಾಡಿ
ಈ ಕ್ರಿಸ್‌ಮಸ್ಸಿಗೆ ಬರಬೇಡಿ, ಇವಳಿಗೆ ತಡೆಯೋಕಾಗಲ್ಲ
ಎಂದುಬಿಟ್ಟಿದ್ದಾನೆ.
ಕೂಗಿದೆ. ಗೋಡೆಯಾಚೆಯ ಮನೆಯ ಟೀವಿ ಸುಮ್ಮನಾಗುವಷ್ಟು.
ಅವನು ಬಹಳ ಮೆಲ್ಲಗೆ, ನಿಜವಾಗಿ ಪ್ರೀತಿಯಿಂದ ಕೇಳಿದ:
ಮಾತ್ರೆ ತಗೊಂಡ್ಯಾ?

ತಗೊಂಡಿದ್ದೆ.

ಹಾಗಾದರೆ ಇದು ಯಾರದು?
ಕಾಯಿಲೆಯದಾ, ಮಾತ್ರೆಯದಾ, ನನ್ನದಾ?
ಡಾಕ್ಟರ್ ಪ್ರಿಚರ್ಡ್ ಒಂದರಿಂದ ಹತ್ತರೊಳಗೆ ಹೇಳಿ ಅನ್ನುತ್ತಾರೆ.
ರಕ್ತದಲ್ಲಿ ಸೊನ್ನೆ ಪಾಯಿಂಟ್ ಏಳು, ಚೆನ್ನಾಗಿದೆ ಅನ್ನುತ್ತಾರೆ.
ನನಗೆ ಬೇಕಾದದ್ದು ಬೇರೆ ಅಂಕಿ.
ಯಾವ ಲಾರಿಯನ್ನೂ ಖಾಲಿ ತೂಗದೆ ನಾನು ಒಳಗೆ ಬಿಟ್ಟಿಲ್ಲ,
ನನ್ನ ಖಾಲಿ ತೂಕವನ್ನು
ಯಾರೂ ಬರೆದಿಟ್ಟುಕೊಂಡಿಲ್ಲ.

ಹಿತ್ತಿಲ ಮೆಟ್ಟಿಲ ಮೇಲೆ ನೀರಿನ ಬಾಟಲಿ ಹಿಡಿದು ಕೂತಿದ್ದೆ.
ಮೇದಿನಿ ಬಂದಳು, ಒಂಬತ್ತು ವರ್ಷ,
ಕೋಟಿನ ಜಿಪ್ಪು ಹಾಕದೆ, ಎರಡೂ ಅಂಚು ಕೈಯಲ್ಲಿ ಹಿಡಿದು.
ಇವತ್ತಿಂದು ಸುಮ್‌ಸುಮ್ನೆ ಸಿಟ್ಟಾ, ನಿಜವಾದ್ದಾ?
ಯೋಚಿಸಿದೆ.
ಮುಕ್ಕಾಲು ನಿಜ, ಅಂದೆ.
ಹಾಗಾದ್ರೆ ಅಪ್ಪ ಮುಕ್ಕಾಲು ಸಾರಿ ಕೇಳ್ಬೇಕು, ಅಂದಳು,
ಅವನಿಗೆ ಹೇಳಲು ಒಳಗೆ ಹೋದಳು.

ಬೀದಿಯಲ್ಲಿ ಹಳದಿ ಗಾಡಿ ಹಾದುಹೋಯಿತು.
ನಿಂತ ಕಾರುಗಳಿಗೆ ಉಪ್ಪು ತಗುಲುವ ಸದ್ದು,
ಅದೊಂದು ಸದ್ದು ನನಗೆ ಯಾವತ್ತೂ ಚುಚ್ಚಿಲ್ಲ.
ಕೋಟಿನ ಜಿಪ್ಪನ್ನು ನಾನೇ ಎಳೆದುಕೊಂಡು
ಅಕ್ಕನಿಗೆ ಫೋನು ಮಾಡಿದೆ.
ಬಾ, ಅಂದೆ.
ನಾನು ಕೂಗಿದರೆ ಎದ್ದು ಆಚೆ ಹೋಗು, ಆಮೇಲೆ ವಾಪಸು ಬಾ.
ಮತ್ತೆ, ಜಿಪ್ಪಿಲ್ಲದ ಬ್ಯಾಗಿದ್ದರೆ
ಅದನ್ನೇ ತಾ.